ನಾನು ಆರಿಸಿದ ಹೊಗೆಸೊಪ್ಪು

ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದವನು ಇಂದು ಹೊಗೆಸೊಪ್ಪನ್ನು ಬಣ್ಣವಾರು ಆರಿಸಲು ಕೂತೆ, ಗೆಳೆಯರೇ. ಎಲೆಯ ಬಣ್ಣ ಗುರುತಿಸುವುದರಲ್ಲಿ ಪಿರಿಯಾಪಟ್ಟಣದ ಸುತ್ತ ನನ್ನಂಥವನಿಲ್ಲ. ಆದರೆ ಎಡಗಣ್ಣಿಗೆ ಹಳದಿಯಾಗಿ ಕಂಡ ಎಲೆ, ಹೊಸ ಬಲಗಣ್ಣಿಗೆ ಹಸಿರು.

“ಓದ್ವರ್ಸ ನಾನು ಆರಿಸಿದ್ದೂ ಇಂಗೇ ಇತ್ತೇನೆ?” ಎಂದು ಹೆಂಡತಿಯನ್ನು ಕೇಳಿದೆ.

“ನೀವು ಉಣ್ಣಾಕೆ ಎದ್ದಾಗ ನಾನೇ ತಿರ್ಗಾ ಆರಿಸ್ತಿದ್ದೆ ಕಣ್ರೀ.”

“ಯೋಳ್ಬಾರ್ದಾಗಿತ್ತಾ?”

“ಒಳ್ಳೆ ರೇಟು ಸಿಕ್ತು ಅಂತ ಅರಾಜಿಂದ ಮೀಸೆ ತಿರುವ್ಕೊಂಡು ಬತ್ತಿದ್ರಲ್ಲ, ಅದನ್ಯಾಕೆ ಕೆಡಿಸ್ಲಿ ಬುಡಿ.”

ಇಬ್ಬರೂ ಎದುರುಬದುರು ಕೂತು ಆರಿಸಿದೆವು. ಈ ವರ್ಷ ಅವಳ ಹಳದಿ ಗುಡ್ಡೆಯಲ್ಲೂ ಹಸಿರೆಲೆಗಳು ಇಣುಕುತ್ತಿದ್ದವು. ಅವಳು ನೀರು ತರಲು ಎದ್ದಾಗ ಸದ್ದಿಲ್ಲದೆ ತೆಗೆದಿಟ್ಟೆ. ನಾಳೆ ನನ್ನ ಕಣ್ಣು ತೋರಿಸುವ ನೆಪ ಹೇಳಿ ಅವಳನ್ನೂ ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಅಲ್ಲಿಯವರೆಗೆ ಈ ಪೋಸ್ಟನ್ನು ಯಾರೂ ಅವಳ ಫೋನಿಗೆ ಕಳಿಸಬೇಡಿ.