ಗಿರಿಜಕ್ಕನ ಬಿಳಿ ಫ್ಲೆಕ್ಸ್

ಸ್ನೇಹಿತರೇ, ನಮ್ಮ ಟೈಲರ್ ಗಿರಿಜಕ್ಕ ಬದುಕಿದ್ದಾರೆ ಎಂದು ಬಸವಾಪಟ್ಟಣದ ಜನರಿಗೆ ತಿಳಿಸುವ ಕೆಲಸ ಇವತ್ತು ನನ್ನ ಪಾಲಿಗೆ ಬಂತು.

ಆಪರೇಷನ್ ಮುಗಿಸಿ ದಾವಣಗೆರೆಯಿಂದ ಮರಳಿದ ಅವರು ಬೆಳಿಗ್ಗೆ ಮತ್ತೆ ಅಂಗಡಿ ತೆರೆದರು. ಇಷ್ಟು ದಿನದಲ್ಲಿ ಹೊಲಿಸುವವರೆಲ್ಲ ಬೇರೆ ಕಡೆ ಹೋಗಿಬಿಟ್ಟರೇನೋ ಎಂಬ ಭಯ ಅವರಿಗೆ. ಅದಕ್ಕೇ ಬಾಗಿಲ ಮೇಲೆ ಒಂದು ಫ್ಲೆಕ್ಸ್ ಹಾಕಿಸಿದ್ದರು. ಅದು ಹೇಗಿರಬೇಕೆಂದು ಫ್ಲೆಕ್ಸ್ ಅಂಗಡಿಯವನಿಗೆ ಹೇಳಿಕೊಟ್ಟವಳು ನಾನು. ಬಿಳಿ ಹಿನ್ನೆಲೆ, ನಡುವೆ ಕಪ್ಪು-ಬಿಳುಪಿನ ಫೋಟೊ, ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಮತ್ತೆ ನಿಮ್ಮ ಸೇವೆಗೆ’. ನೋಡಲು ಶಾಂತವಾಗಿತ್ತು.

ನಮ್ಮ ಕಡೆ ಅಂಥ ಫ್ಲೆಕ್ಸ್ ಹಾಕುವುದು ತೀರಿಕೊಂಡವರಿಗೆ ಮಾತ್ರ. ಹಾಗಾಗಿ ಅಕ್ಷರಗಳನ್ನು ಯಾರೂ ಓದಲಿಲ್ಲ. ಮೊದಲು ಬಂದ ಹೆಂಗಸು ಚಪ್ಪಲಿ ಬಿಟ್ಟು ಫೋಟೊಗೆ ಕೈ ಮುಗಿದು, “ಮಣ್ಣು ಮಾಡೋದು ಎಷ್ಟೊತ್ತಿಗೆ ರೀ?” ಎಂದು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕೇಳಿದಳು. ಆಮೇಲೆ ದನಿ ತಗ್ಗಿಸಿ, “ನಂದೊಂದು ಬ್ಲೌಸ್ ಪೀಸ್ ಒಳಗೈತೆ. ಈಗ ಯಾರನ್ನ ಕೇಳಾಕೆ ಹೋಗ್ಲಿ?” ಎಂದಳು.

“ನನ್ನೇ ಕೇಳು ಬಾರವ್ವ, ಕತ್ತರಿಸಿ ಇಟ್ಟಿದೀನಿ” ಎಂದು ಗಿರಿಜಕ್ಕ ಒಳಗಿನಿಂದ ಕೂಗಿದರು. ಆಕೆ ಚಪ್ಪಲಿ ಹುಡುಕತೊಡಗಿದಳು.

ಮಧ್ಯಾಹ್ನದ ಹೊತ್ತಿಗೆ ಇಂಥವರು ಇನ್ನೂ ಕೆಲವರು ಬಂದರು. ಅಕ್ಕ ಬದುಕಿದ್ದಾರೆ ಎಂದು ಒಬ್ಬೊಬ್ಬರಿಗೂ ನಾನೇ ಹೇಳಬೇಕಾಯಿತು. ಕೊನೆಗೆ ಗಿರಿಜಕ್ಕ ನನ್ನ ಕಡೆ ನೋಡುತ್ತಲೇ ಫ್ಲೆಕ್ಸ್ ಅಂಗಡಿಯವನಿಗೆ ಫೋನ್ ಮಾಡಿದರು. “ಮೇಡಂ ಹೇಳಿದ್ದು ಸಾಕು. ಹಳದಿ, ಕೆಂಪು ಚೆನ್ನಾಗಿ ತುಂಬ್ಸಪ್ಪ. ಕೈಯಾಗೆ ಒಂದು ಮೊಬೈಲ್ ಕೊಡು, ಜೀವ ಐತೆ ಅಂತ ಗೊತ್ತಾಗ್ಲಿ.”

ಸಂಜೆ ಹೊಸ ಫ್ಲೆಕ್ಸ್ ಏರಿತು. ಕಿವಿಗೆ ಮೊಬೈಲ್ ಹಿಡಿದು ಗಿರಿಜಕ್ಕ ನಗುತ್ತಿದ್ದಾರೆ. ನೋಡಿದರೆ ಕಣ್ಣು ಕುಕ್ಕುತ್ತದೆ. ಅದರ ಕೆಳಗೆ ಅಳತೆ ಕೊಡುವವರ ಸಾಲು ಇತ್ತು. ನಾನೂ ಹೋಗಿ ನಿಂತೆ.