ಪ್ರವೇಶ ಕಾರ್ಡಿನ ಹಿಂಬದಿ

ಆ ದ್ವೀಪಕ್ಕೆ ಹೋಗುವವರ ಪಾಸ್‌ಪೋರ್ಟ್ ಇನ್ನೂ ಆರು ತಿಂಗಳು ಚಾಲ್ತಿಯಲ್ಲಿರಬೇಕು. ವಾಪಸ್ ಬರುವ ಟಿಕೆಟ್, ಹೋಟೆಲ್ಲಿನ ಕಾಗದ, ಎರಡು ಫೋಟೋ ಕೈಯಲ್ಲಿರಬೇಕು. ವೀಸಾ ಅಲ್ಲಿ ಇಳಿದ ಮೇಲೆ ಕೊಡುತ್ತಾರೆ. ಟ್ರಾವೆಲ್ಸಿನವನು ಕೊಟ್ಟ ಹಾಳೆಯಿಂದ ಇಷ್ಟನ್ನು ಹೊಸಪೇಟೆಯ ನಮ್ಮ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿದ್ದೆ. ಹಾಳೆಯ ಹಿಂಬದಿಯನ್ನು ಓದಲಿಲ್ಲ.

ಅದು ಅದಿರಿನ ಕಾಲ. ಅಣ್ಣನ ಎರಡು ಲಾರಿಗಳು ಸಂಡೂರಿನಿಂದ ಬಂದರಿಗೆ ಓಡುತ್ತಿದ್ದವು. ನಮ್ಮ ಓಣಿಯ ಮೂರು ಮನೆಯವರು ಆಗಲೇ ಆ ದ್ವೀಪ ನೋಡಿ ಬಂದು, ಸಮುದ್ರದ ಮುಂದೆ ನಿಂತ ಫೋಟೋ ಗೋಡೆಗೆ ಹಾಕಿದ್ದರು. ಅಣ್ಣನಿಗೂ ಅಂಥದೊಂದು ಬೇಕಿತ್ತು. ಅದರಲ್ಲಿ ಅಮ್ಮ ನಡುವೆ ಇರಬೇಕಿತ್ತು.

"ಹೊರಗಿಂದು ನಾ ತಿನ್ನಂಗಿಲ್ಲ. ನಾಕು ದಿನ ಗಾಳಿ ಕುಡೀಲೇನು?" ಅಂದಳು ಅಮ್ಮ.

"ಅಲ್ಲಿ ಹಣ್ಣು ಭಾಳ ಸಿಗ್ತಾವ. ಕೋತಿ ಆಗಿಬಿಡು," ಅಂದ ಅಣ್ಣ.

"ನಿನ್ನ ಹಡದಾಕಿ ನಾನು. ಹೊಸದಾಗಿ ಆಗೋದೇನದ?"

ಮಡಿಯುಟ್ಟು ಕೊಬ್ಬರಿ, ಗಸಗಸೆ ಹುರಿದು, ಬೆಲ್ಲ ಕೂಡಿಸಿ ಉಂಡೆ ಕಟ್ಟಿದಳು. ಉಳಿದ ಗಸಗಸೆಯನ್ನು ಬಿಳಿ ಬಟ್ಟೆಯಲ್ಲಿ ಗಂಟು ಹಾಕಿ ಡಬ್ಬಿಯ ಪಕ್ಕ ಇಟ್ಟಳು. ಹೊಸ ಜಾಗದಲ್ಲಿ ನಿದ್ದೆ ಬರದಿದ್ದರೆ ಅರೆದು ಹಾಲಿಗೆ ಹಾಕಿ ಕುಡಿಯುವುದಕ್ಕೆ. ನಾನು ನೋಡುತ್ತಲೇ ಇದ್ದೆ.

ವಿಮಾನದಲ್ಲಿ ಪ್ರವೇಶ ಕಾರ್ಡು ಕೊಟ್ಟರು. "ನೀ ಬಿ.ಎ. ಓದಿದಾಕಿ, ನೀನ ಬರಿ," ಎಂದು ಅಣ್ಣ, ಅತ್ತಿಗೆ ಇಬ್ಬರೂ ತಮ್ಮವನ್ನು ನನ್ನ ಕಡೆ ತಳ್ಳಿದರು. ಹಿಂಬದಿಯಲ್ಲಿ ಸಣ್ಣಕ್ಷರದ ಪ್ರಶ್ನೆಗಳು: ಆಹಾರ ತಂದಿದ್ದೀರಾ, ಬೀಜ ತಂದಿದ್ದೀರಾ, ಮಾದಕ ವಸ್ತು ತಂದಿದ್ದೀರಾ.

"ಉಂಡಿ ಬರೀಬೇಕೇನು?" ಎಂದು ಅಮ್ಮ ಕೇಳಿದಳು.

"ಬ್ಯಾಡಮ್ಮ. ಬರದ್ರ ಸುಮ್ಮನ ತಡ ಆಗ್ತದ."

ನಾಲ್ಕೂ ಕಾರ್ಡಿನಲ್ಲಿ ಎಲ್ಲದಕ್ಕೂ 'ಇಲ್ಲ' ಎಂದು ಗುರುತು ಹಾಕಿದೆ. ಅಮ್ಮ ತನ್ನದರ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲಿ ಸಹಿ ಮಾಡಿದಳು. ಆ ಸಹಿಯ ಕೆಳಗೆ ಕೆಂಪಕ್ಷರದ ಒಂದು ಸಾಲಿತ್ತು: ಮಾದಕ ವಸ್ತು ಸಾಗಿಸುವವರಿಗೆ ಮರಣದಂಡನೆ. ಓದಿದೆ. ನಮ್ಮಂಥವರಿಗೆ ಬರೆದದ್ದಲ್ಲ ಅಂದುಕೊಂಡೆ.

ವೀಸಾ ಸಿಕ್ಕಿತು, ಮೊಹರು ಬಿತ್ತು. ಆಮೇಲೆ ಸಾಮಾನು ತಪಾಸಣೆ. ಅಧಿಕಾರಿ ಬಿಳಿ ಗಂಟನ್ನು ಬಿಚ್ಚಿ, ಬೆರಳಿಂದ ಕೆದಕಿ, ಗೋಡೆಯ ಮೇಲಿದ್ದ ನಿಷಿದ್ಧ ವಸ್ತುಗಳ ಪಟ್ಟಿಯನ್ನು ತೋರಿಸಿದ. ನಾವು ಪಾಯಸಕ್ಕೆ ಹಾಕುವ ಗಸಗಸೆ ಅಲ್ಲಿ ಅಫೀಮಿನ ಗಿಡದ ಬೀಜ. ಇದನ್ನು ಕಟ್ಟಿದ್ದು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದ.

ಆ ಕೆಂಪು ಸಾಲು ಕಣ್ಣ ಮುಂದೆ ಬಂತು. ಕಾರ್ಡು ತುಂಬಿದ್ದು ನಾನು, ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಅನ್ನಬಹುದಿತ್ತು. ನನ್ನ ಬೆರಳು ಅಮ್ಮನ ಕಡೆ ಹೋಯಿತು. "ಮದರ್," ಅಂದೆ.

ನಾನು ಪರಿಚಯ ಮಾಡಿಕೊಡುತ್ತಿದ್ದೇನೆ ಅಂದುಕೊಂಡಳೇನೋ, ಅಮ್ಮ ನಕ್ಕು ಅವನಿಗೆ ಕೈ ಮುಗಿದಳು.

ಇಬ್ಬರು ಹೆಂಗಸರು ಬಂದು ಅವಳನ್ನು ಒಳಗೆ ಕರೆದುಕೊಂಡು ಹೋದರು. ಅವಳಿಗೆ ಭಾಷೆ ಬರುವುದಿಲ್ಲ, ನಾನೂ ಬರುತ್ತೇನೆ ಅಂದೆ. ಕೂರು ಎಂದು ಕೈ ಮಾಡಿದರು. ಬಾಗಿಲು ಮುಚ್ಚಿತು. ಅಣ್ಣ ಕಾವಲಿನವನಿಗೆ ಕನ್ನಡದಲ್ಲೇ, "ಗಸಗಸಿ ರೀ ಅದು, ಸರ್, ಪಾಯಸಕ್ಕ ಹಾಕೋದು," ಎಂದು ಹೇಳುತ್ತಲೇ ಇದ್ದ. ಗಾಜಿನಾಚೆ ಪ್ರವಾಸಿಗರ ಕೊರಳಿಗೆ ಹೂವಿನ ಹಾರ ಹಾಕುತ್ತಿದ್ದರು. ನಾನು ಆ ಬಾಗಿಲನ್ನೇ ನೋಡುತ್ತ, ಮರಣದಂಡನೆಯನ್ನು ಈ ದೇಶದಲ್ಲಿ ಹೇಗೆ ಕೊಡುತ್ತಾರೆ ಎಂದು ಯೋಚಿಸುತ್ತಿದ್ದೆ.

ಮೂರು ತಾಸಾದ ಮೇಲೆ ಅಮ್ಮ ಹೊರಗೆ ಬಂದಳು. ಉಂಡೆ, ಗಂಟು ಎರಡನ್ನೂ ಇಟ್ಟುಕೊಂಡಿದ್ದರು. ಇನ್ನೊಮ್ಮೆ ಬಂದರೆ ಸರಿಯಾಗಿ ಬರೆಯಿರಿ ಎಂದು ಅಧಿಕಾರಿ ಸೌಜನ್ಯದಿಂದಲೇ ಹೇಳಿದ. ಅಮ್ಮನ ಸೀರೆ ಅವಸರದಲ್ಲಿ ಸುತ್ತಿಕೊಂಡಂತಿತ್ತು. ನಿರಿಗೆ ಇರಲಿಲ್ಲ. ತುರುಬು ಬಿಚ್ಚಿತ್ತು.

ಕಾರಿನಲ್ಲಿ ಒಂದೇ ಮಾತು ಕೇಳಿದಳು. "ಅವಾ ನಿನ್ನ ಏನು ಕೇಳಿದ?"

"ಯಾರು ಕಟ್ಟಿದ್ರು ಅಂತ."

"ಮತ್ತ, ಕಟ್ಟಿದಾಕಿ ನಾನ ಅಲ್ಲೇನು?" ಅಂದು ಕಿಟಕಿಯ ಕಡೆ ತಿರುಗಿದಳು.

ಒಳಗೆ ಏನಾಯಿತೆಂದು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಸಮುದ್ರದ ಮುಂದೆ ಫೋಟೋ ತೆಗೆದೆವು. ಅಮ್ಮ ನಡುವೆ ಇದ್ದಾಳೆ. ಈಗಲೂ ಎಲ್ಲಾದರೂ ಸಾಲಿನಲ್ಲಿ ನಿಂತರೆ ನಾನು ಮನಸ್ಸಿನಲ್ಲೇ ಆ ತಪಾಸಣೆಯ ಮೇಜಿನ ಮುಂದೆ ಹೋಗಿ ನಿಲ್ಲುತ್ತೇನೆ. ಬೇರೆ ಉತ್ತರ ಕೊಡಲು ನೋಡುತ್ತೇನೆ. ಬೆರಳು ಅತ್ತಲೇ ಹೋಗುತ್ತದೆ.

ಕೆಲವು ತಿಂಗಳ ಮೇಲೆ ಕಂಪ್ಲಿಯಿಂದ ನೆಂಟರು ಬಂದಾಗ ಎಲ್ಲರೂ ಡ್ಯಾಮಿಗೆ ಹೋದೆವು. ಗೇಟಿನಲ್ಲಿ ಕಾವಲುಗಾರ, "ಅಮ್ಮಾರ, ಚೀಲ ತೋರಸ್ರಿ," ಅಂದ.

ಅಮ್ಮ ಚೀಲವನ್ನು ನೆಲಕ್ಕಿಟ್ಟು, ಕಣ್ಣು ಮುಚ್ಚಿ, ಎರಡೂ ತೋಳುಗಳನ್ನು ಅಗಲಕ್ಕೆ ಎತ್ತಿ ನಿಂತಳು.

"ಅಯ್ಯ, ಕೈ ಎತ್ತಬ್ಯಾಡ್ರಿ, ಚೀಲ ಅಷ್ಟ ಸಾಕು," ಎಂದು ಅವನು ನಕ್ಕ. ಅವಳಿಗೆ ಕೇಳಿಸಲಿಲ್ಲ. ನಾನು ಹೋಗಿ ಆ ಕೈಗಳನ್ನು ಹಿಡಿದು ಇಳಿಸಬೇಕಾಯಿತು. ಬಿಗಿಯಾಗಿದ್ದವು, ಬೇಗ ಇಳಿಯಲಿಲ್ಲ.

ಚೀಲದಲ್ಲಿ ನೀರಿನ ಬಾಟಲಿ ಬಿಟ್ಟು ಏನೂ ಇರಲಿಲ್ಲ. ಆ ದ್ವೀಪದಿಂದ ಬಂದ ಮೇಲೆ ಅಮ್ಮ ಎಲ್ಲಿಗೂ ಬುತ್ತಿ ಕಟ್ಟಿರಲಿಲ್ಲ.