ಸಿಂದಿ ಮರದ ಗರಿ

ಶೇವಂತಾಬಾಯಿಗೆ ಹೂವಿನ ಹೆಸರು, ಮಾತು ಮಾತ್ರ ಬೇವು. ಮನೆ ಬೀದರಿನ ಚಿದ್ರಿಯಲ್ಲಿ. ಕೆಲಸ ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲಿ. ಹೆಂಗಸರನ್ನು ಕೂಡಿಸಿ ಬೈಬಲ್ಲಿನ ಕಥೆ ಹೇಳುವ ಕೆಲಸ. ಲೆಬನೋನಿನ ದೇವದಾರನ್ನು ಔರಾದಿನಲ್ಲಿ ಕಂಡವರು ಯಾರು? ಅದಕ್ಕೇ ಆಕೆ ಕಣ್ಣೆದುರಿನ ಗಿಡವನ್ನೇ ತೋರಿಸುತ್ತಿದ್ದಳು. ನಂಬಿಕೆಗೆ ಒಗ್ಗರಣೆಯ ಸಾಸಿವೆ. ಫಲ ಕೊಡದ ಅಂಜೂರಕ್ಕೆ ಹಳ್ಳದ ದಂಡೆಯ ಅತ್ತಿ.

"ಮೈ ತುಂಬ ಎಲಿ, ಒಂದು ಹಣ್ಣಿಲ್ಲ. ಇಂಥ ಅತ್ತಿ ನಿಮ್ಮನ್ಯಾಗೂ ಅದಾಳೇನ್ರೇ?" ಎಂದರೆ ಸೊಸೆಯಂದಿರು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಒಂದು ಗಿಡವನ್ನು ಮಾತ್ರ ಆಕೆ ತೋರಿಸುತ್ತಿರಲಿಲ್ಲ. ಯೇಸು ಊರೊಳಗೆ ಬಂದಾಗ ಜನ ಖರ್ಜೂರದ ಗರಿ ಹಿಡಿದು ಎದುರುಗೊಂಡರು. ಗರಿಯೆಂದರೆ ಸಾವನ್ನು ಗೆದ್ದ ಗುರುತು. ನಮ್ಮ ಸೀಮೆಯಲ್ಲಿ ಖರ್ಜೂರದ ತಮ್ಮನೆಂದರೆ ಸಿಂದಿ ಮರ. ಕುಡಿತ ಬಿಟ್ಟೆವೆಂದು ಆಣೆ ಮಾಡಿದ ಕ್ರೈಸ್ತ ಸಭೆ ಕಳ್ಳು ಕೊಡುವ ಮರವನ್ನು ಮುಟ್ಟೀತೆ? ಆ ದಿನದ ನೆನಪಿಗೆ ಬರುವ ಗರಿಗಳ ರವಿವಾರ ಎಲ್ಲರ ಕೈಯಲ್ಲೂ ಬೇವಿನ ಟೊಂಗೆ. ಆ ಸಭೆಯ ಜಯ ಪ್ರತಿ ವರ್ಷ ಕಹಿಯಾಗಿಯೇ ಬರುತ್ತಿತ್ತು.

ಅಷ್ಟರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಮೈಸೂರು ಬೀದರಿನವರಿಗೆ ಸೇರಲು ಇನ್ನೂ ಸ್ವಲ್ಪ ಸಮಯ ಬೇಕಿತ್ತು. ಆ ಕಡೆಯಿಂದ ಬಂದ ಹೊಸ ಪಾದ್ರಿ ಮೃದು ಮನುಷ್ಯ.

"ಬಾಯಿಯವರೇ, ಬೇವಿನ ಯುಗಾದಿ ಮುಗಿಯಿತಲ್ಲ. ಈ ಸಲ ಗರಿಯನ್ನೇ ತರಿಸೋಣ. ಮರ ಏನು ಪಾಪ ಮಾಡಿದೆ?"

ಶೇವಂತಾಬಾಯಿಯ ಗಂಡ ಮಾಣಿಕ ಸಿಂದಿ ಮರವೇರಿ ಕಳ್ಳು ಇಳಿಸುವವನಾಗಿದ್ದ. ಆಕೆ ದೀಕ್ಷಾಸ್ನಾನ ತೆಗೆದುಕೊಂಡಾಗ "ನಾನು ನಾಳಿ" ಅಂದ. ನಾಳೆ ಬರುವ ಮೊದಲೇ ಮರದಿಂದ ಬಿದ್ದು ಸತ್ತ. ಅಂದಿನ ಪಾದ್ರಿ, ಸಭೆಯ ಸ್ಮಶಾನದಲ್ಲಿ ಅವನಿಗೆ ಜಾಗವಿಲ್ಲ, ಪರಲೋಕದಲ್ಲೂ ಅವನ ದಾರಿ ನೋಡಬೇಡ ಎಂದು ಬಾಗಿಲಲ್ಲೇ ನಿಂತು ಹೇಳಿದರು. ಮಾಣಿಕನ ತಮ್ಮ ಹಾವಗೆಪ್ಪ ಅಣ್ಣನನ್ನು ಅದೇ ಮರದ ಬುಡದಲ್ಲಿ ಮಣ್ಣು ಮಾಡಿದ. ಆಕೆ ಅತ್ತ ಹೋಗಲೇ ಇಲ್ಲ. ಸಾವು ಸೋತಿದೆ ಎಂದು ಊರೂರಿಗೆ ಹೇಳುವವಳಿಗೆ ಮಾಣಿಕನ ಪಾಲಿಗೂ ಸೋತಿದೆಯೇ ಎಂದು ಯಾರನ್ನೂ ಕೇಳುವ ಧೈರ್ಯವಿರಲಿಲ್ಲ.

ಗರಿಗಳ ರವಿವಾರದ ಹಿಂದಿನ ಶನಿವಾರ ಬೆಳಿಗ್ಗೆ ಆ ಮರದ ಕಡೆ ಹೋದಳು. ಮರದ ಕೆಳಗೆ ಕತ್ತಿ ಮಸೆಯುತ್ತಿದ್ದ ಹಾವಗೆಪ್ಪ ಅತ್ತಿಗೆಯನ್ನು ಕಂಡು ನಕ್ಕ.

"ಏನ್ ವೈನಿ, ದಾರಿ ತಪ್ಪಿ ಬಂದ್ರೇನು? ಇದು ಪಾಪಿಗಳ ಜಾಗಾ ಅದರಿ."

"ಸಭಿಗಿ ಗರಿ ಬೇಕಾಗ್ಯಾವ, ಹಾವಗೆಪ್ಪ."

"ಸಿಂದಿ ಗರಿ? ನಿಮ್ಮ ದೇವರಿಗಿ? ನಮ್ಮ ಗಿಡದ ನೆರಳೂ ಬ್ಯಾಡ ಅಂದಿದ್ರಲ್ಲ!"

"ದೇವರು ಅಂದಿರಲಿಲ್ಲೋ ಮಾರಾಯಾ. ನಾವ್ ಅಂದಿದ್ವಿ."

ಅವನ ನಗು ನಿಂತಿತು. ಸೊಂಟಕ್ಕೆ ಹಗ್ಗ ಬಿಗಿದು ಮರವೇರಿ ಗರಿ ಕಡಿದು ಉದುರಿಸಿದ. ಇಳಿದು ಬಂದು, ಗರಿಯ ಬುಡದ ಉದ್ದುದ್ದ ಮುಳ್ಳುಗಳಿಗೆ ಕತ್ತಿ ಹಚ್ಚಿದ.

"ಸವರಬ್ಯಾಡ, ಇರ್ಲಿ. ಆತನ ತಲಿಗೂ ಮುಳ್ಳೇ ಇಟ್ಟಿದ್ರು."

"ಈ ಗರಿ ಹಿಡಿದ್ರ ಏನ್ ಅರ್ಥ, ವೈನಿ?"

"ಸಾವು ಸೋತದ ಅಂತ ಅರ್ಥ." ಸಾವಿರ ಸಲ ಹೇಳಿದ ಮಾತು, ಸಲೀಸಾಗಿ ಬಂತು.

"ಅಣ್ಣಗೂ?"

ಆಕೆ ಮಾಣಿಕನ ಮಣ್ಣಿನ ದಿಬ್ಬದ ಹತ್ತಿರ ಹೋದಳು. ಅದರ ಮೇಲೆ ಹುಲ್ಲು ಬೆಳೆದು ಒಣಗಿತ್ತು. ಹಾವಗೆಪ್ಪನ ಕೈಯ ಕತ್ತಿ ತೆಗೆದುಕೊಂಡು, ಒಂದು ಗರಿಯನ್ನು ತುದಿಯಿಂದ ಬುಡದವರೆಗೆ ಸೀಳಿದಳು. ಮುಳ್ಳು ಅಂಗೈಗೆ ನೆಟ್ಟಿತು.

"ನನಗ ಗೊತ್ತಿಲ್ಲ, ಹಾವಗೆಪ್ಪ. ಖರೇನೇ ಗೊತ್ತಿಲ್ಲ. ಆದ್ರ ಇಡ್ತೇನಿ."

ಬಗ್ಗಿ ಅರ್ಧವನ್ನು ದಿಬ್ಬದ ಮೇಲಿಟ್ಟಳು. ಅಲ್ಲೇ ಕುಳಿತು, ಇಷ್ಟು ವರ್ಷ ಅಳದಿದ್ದನ್ನು ಅತ್ತಳು. ಹಾವಗೆಪ್ಪ ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ.

ಮರುದಿನ ಸಭೆಯ ಗುಡಿಯ ಮುಂದೆ ಮೆರವಣಿಗೆ ಹೊರಡುವಾಗ ಪಾದ್ರಿ ಕೇಳಿದರು: "ಎಲ್ಲರಿಗೂ ತುಂಬು ಗರಿ ಕೊಟ್ಟು ನೀವು ಅರ್ಧ ಇಟ್ಟುಕೊಂಡಿರಾ, ಬಾಯಿಯವರೇ?"

"ಉಳಿದರ್ಧ ನಮ್ಮ ಮನಿಯವ್ರ ಹತ್ರ ಅದರಿ."

ಆಕೆ ವಿಧವೆಯೆಂದು ಪಾದ್ರಿಗೆ ಗೊತ್ತಿತ್ತು. ಪಕ್ಕಕ್ಕೆ ಸರಿದು, ಆಕೆಯನ್ನು ಎಲ್ಲರಿಗಿಂತ ಮುಂದೆ ಬಿಟ್ಟರು.